ಪೈಲಟ್ ತರಬೇತಿಗೆ ಫ್ಲೈಯಿಂಗ್ ಸ್ಕೂಲ್ ಆರಿಸುವುದು ಹೇಗೆ? ತಮ್ಮನಿಗಾಗಿ ಕೇಳುತ್ತಿದ್ದೇನೆ

ತಮ್ಮನ ಅಕ್ಕ:

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಈಗ 19 ವರ್ಷ. ಫಿಸಿಕ್ಸ್, ಮ್ಯಾಥ್ಸ್ ಓದಿದ್ದಾನೆ. ಚಿಕ್ಕವನಿದ್ದಾಗ ವಿಮಾನದ ಸದ್ದು ಕೇಳಿದರೆ ಊಟ ಬಿಟ್ಟು ಹೊರಗೆ ಓಡುತ್ತಿದ್ದ. ಈಗ ಕಮರ್ಷಿಯಲ್ ಪೈಲಟ್ ಆಗಲೇಬೇಕು ಎಂದು ಹಟ ಹಿಡಿದಿದ್ದಾನೆ. ಮನೆಯಲ್ಲಿ ಎಲ್ಲರೂ ಒಪ್ಪಿದ್ದೇವೆ. ಆದರೆ ಸಾಲ ಮಾಡಿಯೇ ಓದಿಸಬೇಕು. ಒಮ್ಮೆ ಎಡವಿದರೆ ಮತ್ತೆ ಏಳುವ ಶಕ್ತಿ ನಮಗಿಲ್ಲ.

ಮೂರು ಸ್ಕೂಲ್ ನೋಡಿಟ್ಟಿದ್ದೇವೆ. ಒಂದು ದೊಡ್ಡ ಅಕಾಡೆಮಿ. 14 ವಿಮಾನ, ಎಲ್ಲದರಲ್ಲೂ ಗ್ಲಾಸ್ ಕಾಕ್‌ಪಿಟ್ (ಮುಳ್ಳಿನ ಮೀಟರ್ ಬದಲು ಪರದೆ), ಹಾಸ್ಟೆಲ್, ಸಿಮ್ಯುಲೇಟರ್ ಎಲ್ಲ ಇದೆ. ಈ ತಿಂಗಳೊಳಗೆ ಪೂರ್ತಿ ಫೀಸ್ ಕಟ್ಟಿದರೆ ರಿಯಾಯಿತಿ ಕೊಡುತ್ತಾರಂತೆ. ಎರಡನೆಯದು ಚಿಕ್ಕದು. ನಾಲ್ಕೇ ವಿಮಾನ, ಅವೂ ಹಳೆಯವು. ಮೂರನೆಯದು ಬೇರೆ ದೇಶದಲ್ಲಿ. ಎಂಟೇ ತಿಂಗಳಲ್ಲಿ ಮುಗಿಸಿಕೊಡುತ್ತೇವೆ ಎನ್ನುತ್ತಾರೆ. ಅಳೆದೂ ಸುರಿದೂ ಸಾಕಾಗಿದೆ. ಏನು ನೋಡಬೇಕು, ಏನು ಕೇಳಬೇಕು ಎಂಬುದೇ ಗೊತ್ತಾಗುತ್ತಿಲ್ಲ. ಈ ದಾರಿಯಲ್ಲಿ ನಡೆದವರು ದಯವಿಟ್ಟು ಹೇಳಿ.

ಬಲಸೀಟು:

ಅಕ್ಕ, ನಾನು ಹನ್ನೆರಡು ವರ್ಷದಿಂದ ಹಾರಾಟ ಕಲಿಸುತ್ತಿದ್ದೇನೆ. ಸ್ಕೂಲ್ ವಿಷಯಕ್ಕೆ ಬರುವ ಮುಂಚೆ ಒಂದು ಮಾತು. ತಮ್ಮನಿಗೆ ಕ್ಲಾಸ್ 1 ಮೆಡಿಕಲ್ ಆಗಿದೆಯಾ? ಆಗಿಲ್ಲದಿದ್ದರೆ ಯಾವ ಸ್ಕೂಲಿಗೂ ಒಂದು ಪೈಸೆ ಕಟ್ಟಬೇಡಿ. ಕಮರ್ಷಿಯಲ್ ಲೈಸೆನ್ಸಿಗೆ ಅದು ಬೇಕೇ ಬೇಕು. ಕಣ್ಣು, ಬಣ್ಣ ಗುರುತಿಸುವ ಶಕ್ತಿ, ಕಿವಿ, ಇಸಿಜಿ ಎಲ್ಲ ನೋಡುತ್ತಾರೆ. ಕನ್ನಡಕ ಇದ್ದರೆ ಹೆದರಬೇಕಿಲ್ಲ. ಕನ್ನಡಕ ಹಾಕಿಕೊಂಡು ಒಂದೊಂದು ಕಣ್ಣಿಗೆ 6/9, ಎರಡೂ ಸೇರಿ 6/6 ಕಂಡರೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ, ಅಂದರೆ ಐಸಿಎಒ ಮಾನದಂಡಕ್ಕೆ ಸಾಕು. ಬಣ್ಣದ ವಿಷಯ ಮಾತ್ರ ಮೊದಲೇ ಗೊತ್ತಾಗಲಿ. ಅರವತ್ತು ಗಂಟೆ ಹಾರಿದ ಮೇಲೆ ಬಣ್ಣದ ಪರೀಕ್ಷೆಯಲ್ಲಿ ನಿಂತುಹೋದ ಹುಡುಗನೊಬ್ಬನನ್ನು ಕಂಡಿದ್ದೇನೆ. ಅವತ್ತು ಅವನ ತಂದೆ ಆಫೀಸಿನ ಬೆಂಚಿನ ಮೇಲೆ ಕೂತಿದ್ದ ರೀತಿ ಇವತ್ತಿಗೂ ಕಣ್ಣ ಮುಂದಿದೆ.

ಇನ್ನು ಸ್ಕೂಲ್. ಎಷ್ಟು ವಿಮಾನ ಇದೆ ಎಂದು ಕೇಳಬೇಡಿ. "ಕಳೆದ ತಿಂಗಳು ನಿಮ್ಮಲ್ಲಿ ಒಬ್ಬೊಬ್ಬ ವಿದ್ಯಾರ್ಥಿ ಎಷ್ಟು ಗಂಟೆ ಹಾರಿದ?" ಎಂದು ಕೇಳಿ. ನನ್ನ ಮಟ್ಟಿಗೆ ಉಳಿದೆಲ್ಲ ಪ್ರಶ್ನೆ ಇದರ ಹಿಂದೆ ಬರುವಂಥವು.

ಯಾಕೆ ಅಂತ ಹೇಳುತ್ತೇನೆ. ಇಳಿಸುವುದನ್ನು ಕಲಿಯುವ ಹಂತ ಇರುತ್ತದಲ್ಲ, ಅದು ಕೈಗೆ ಹತ್ತಬೇಕಾದ ವಿದ್ಯೆ. ರನ್‌ವೇ ಹತ್ತಿರ ಬಂತು ಎನ್ನುವಾಗ ನೋಟವನ್ನು ವಿಮಾನದ ಮೂತಿಯ ಮುಂದಿನಿಂದ ಎತ್ತಿ ರನ್‌ವೇಯ ಆ ತುದಿಗೆ ಒಯ್ಯಬೇಕು. ಪವರ್ ತೆಗೆಯಬೇಕು. ವಿಮಾನ ಕುಸಿಯುತ್ತಿದೆ ಅನ್ನಿಸಿದಷ್ಟೇ ಕಂಟ್ರೋಲ್ ಕಾಲಂ ಹಿಂದಕ್ಕೆ ಎಳೆಯಬೇಕು. ಸ್ವಲ್ಪ ಜಾಸ್ತಿ ಎಳೆದರೆ ಮೇಲಕ್ಕೆ ತೇಲುತ್ತದೆ, ಕಮ್ಮಿ ಎಳೆದರೆ ಮುಂದಿನ ಚಕ್ರ ಬಡಿಯುತ್ತದೆ. ಇದನ್ನು ಬಾಯಲ್ಲಿ ಹೇಳಿ ಕಲಿಸಲು ಆಗುವುದಿಲ್ಲ. ವಾರಕ್ಕೆ ಮೂರ್ನಾಲ್ಕು ಸಲ ಹಾರಿದರೆ ಎಂಟು ಹತ್ತು ದಿನದಲ್ಲಿ ಕೈ ಹಿಡಿಯುತ್ತದೆ. ಮೂರು ಸಲ ಹಾರಿಸಿ ಇಪ್ಪತ್ತು ದಿನ ಕೂರಿಸಿದರೆ ಮತ್ತೆ ಮೊದಲಿನಿಂದ ಶುರು. ಆ ಮರುಕಲಿಕೆಯ ಗಂಟೆಗಳಿಗೂ ನೀವೇ ದುಡ್ಡು ಕೊಡಬೇಕು.

ಕೈಸುಟ್ಟವ:

ಬಲಸೀಟು ಸರ್ ಹೇಳಿದ್ದು ನನ್ನದೇ ಕತೆ. ನಾನು ಸೇರಿದ ಸ್ಕೂಲಿನ ಹೆಸರು ಹೇಳುವುದಿಲ್ಲ. ಬ್ರೋಷರ್‌ನಲ್ಲಿ 11 ವಿಮಾನ ಇದ್ದವು. ಹೋಗಿ ನೋಡಿದರೆ ಹಾರುತ್ತಿದ್ದವು ನಾಲ್ಕು. ಒಂದಕ್ಕೆ ಎಂಜಿನ್ನೇ ಇರಲಿಲ್ಲ. ಎಂಜಿನ್ ಇರಬೇಕಾದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿ ಹಗ್ಗ ಕಟ್ಟಿದ್ದರು. ಬಾಲಕ್ಕೆ ಆಸರೆಯಾಗಿ ಒಂದು ಡ್ರಮ್ ಇಟ್ಟಿದ್ದರು. ನಾನು ಇದ್ದ ಅಷ್ಟೂ ದಿನ ಆ ಡ್ರಮ್ ಜಾಗ ಬಿಟ್ಟು ಕದಲಲಿಲ್ಲ.

ಬೆಳಗ್ಗೆ ಐದೂವರೆಗೆ ಎದ್ದು ಯೂನಿಫಾರ್ಮ್ ಹಾಕಿಕೊಂಡು ಹೋಗುವುದು, ಬೋರ್ಡಿನಲ್ಲಿ ಹೆಸರು ಹುಡುಕುವುದು, ಇಲ್ಲ ಎಂದು ವಾಪಸ್ ಬರುವುದು. ವಾರಗಟ್ಟಲೆ ಇದೇ ಆಯಿತು. ಕೇಳಿದರೆ "ಮುಂದಿನ ವಾರ ಸರಿಹೋಗುತ್ತೆ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಉತ್ತರ. 14 ತಿಂಗಳು ಎಂದಿದ್ದ ಕೋರ್ಸ್ ಮುಗಿಯಲು 27 ತಿಂಗಳು ಹಿಡಿಯಿತು. ಪೂರ್ತಿ ಫೀಸ್ ಮೊದಲೇ ಕಟ್ಟಿಬಿಟ್ಟಿದ್ದೆ, ಹಾಗಾಗಿ ಬಿಟ್ಟು ಹೋಗುವ ಹಾಗೂ ಇರಲಿಲ್ಲ. ಆ ಹೆಚ್ಚಿನ 13 ತಿಂಗಳ ಊಟ, ಬಾಡಿಗೆ, ಸಾಲದ ಬಡ್ಡಿ ಯಾವ ಬ್ರೋಷರ್‌ನಲ್ಲೂ ಬರೆದಿರಲಿಲ್ಲ.

ಅಕ್ಕ, ತಿಂಗಳ ಕೊನೆಯ ರಿಯಾಯಿತಿ ಎಂದರೆ ನನಗೆ ಈಗಲೂ ಹೊಟ್ಟೆ ಕಲಸುತ್ತದೆ. ದಯವಿಟ್ಟು ಅವಸರ ಮಾಡಬೇಡಿ.

ಹ್ಯಾಂಗರ್ ಕೆಲಸ:

ನಾನು ವಿಮಾನ ದುರಸ್ತಿಯ ಕಡೆಯವಳು. ಒಂದು ವಿಷಯ ಸ್ಪಷ್ಟ ಮಾಡಬೇಕು ಅನ್ನಿಸಿತು. ನಿಂತಿರುವ ವಿಮಾನವೆಲ್ಲ ಕೆಟ್ಟ ಸ್ಕೂಲಿನ ಗುರುತಲ್ಲ. ತರಬೇತಿಯ ವಿಮಾನಕ್ಕೆ ಸಾಮಾನ್ಯವಾಗಿ 50 ಗಂಟೆಗೆ ಎಂಜಿನ್ ಆಯಿಲ್ ಬದಲಿಸಬೇಕು, 100 ಗಂಟೆಗೆ ದೊಡ್ಡ ತಪಾಸಣೆ ಮಾಡಬೇಕು. ಚೆನ್ನಾಗಿ ಹಾರುವ ವಿಮಾನ ಒಂದೂವರೆ ತಿಂಗಳಿಗೇ 100 ಗಂಟೆ ಮುಟ್ಟಬಹುದು. ಅಂದರೆ ಎಂಟು ವಿಮಾನ ಇರುವ ಒಳ್ಳೆಯ ಸ್ಕೂಲಿನಲ್ಲಿ ಯಾವತ್ತು ಹೋದರೂ ಒಂದೋ ಎರಡೋ ಹ್ಯಾಂಗರ್‌ನಲ್ಲಿ ಕೌಲಿಂಗ್, ಅಂದರೆ ಎಂಜಿನ್ ಮುಚ್ಚಳ, ಬಿಚ್ಚಿಕೊಂಡು ನಿಂತಿರುತ್ತವೆ. ಅದು ಆರೋಗ್ಯ. ಟೈರಿನ ಗಾಳಿ ಇಳಿದು, ಗಾಜಿನ ಮೇಲೆ ಧೂಳು ಕೂತಿರುವ ವಿಮಾನ ಬೇರೆ. ಎರಡನ್ನೂ ಪಕ್ಕಪಕ್ಕ ನೋಡಿದರೆ ಯಾರಿಗಾದರೂ ಗೊತ್ತಾಗುತ್ತದೆ.

ಹಳೆಯ ವಿಮಾನ ಎಂದು ಮೂಗು ಮುರಿಯಬೇಡಿ. ತರಬೇತಿಗೆ ಬಳಸುವ ಸೆಸ್ನಾ 172 ವಿಮಾನ ಮೊದಲು ಹಾರಿದ್ದು 1955ರಲ್ಲಿ. ಇಲ್ಲಿಯವರೆಗೆ 44,000ಕ್ಕೂ ಹೆಚ್ಚು ತಯಾರಾಗಿವೆ. ನಲವತ್ತು ವರ್ಷದ 172 ಚೆನ್ನಾಗಿ ನೋಡಿಕೊಂಡರೆ ಹೊಸದರಷ್ಟೇ ನಂಬಿಕಸ್ತ. ಇಂಥ ವಿಮಾನಗಳ ಲೈಕಮಿಂಗ್ ಎಂಜಿನ್‌ಗೆ ತಯಾರಕರೇ 2,000 ಗಂಟೆಗೆ ಓವರ್‌ಹಾಲ್ (ಪೂರ್ತಿ ಬಿಚ್ಚಿ ಸರಿಮಾಡುವುದು) ಎಂದು ಹೇಳಿರುತ್ತಾರೆ. ನಿಮ್ಮ ತಮ್ಮ ಹಾರುವ ವಿಮಾನದ ಎಂಜಿನ್ ಎಷ್ಟು ಗಂಟೆ ಓಡಿದೆ ಎಂದು ಕೇಳಿ. ಉತ್ತರ ಥಟ್ಟನೆ ಬರಬೇಕು.

ಇನ್ನೊಂದು ಕೇಳಿ. ಸ್ನ್ಯಾಗ್ ಪುಸ್ತಕ ತೋರಿಸಿ ಎನ್ನಿ. ಹಾರಿ ಬಂದವರು "ಎಡಬದಿಯ ಬ್ರೇಕ್ ಮೆತ್ತಗಿದೆ", "ರೇಡಿಯೋ ಎರಡರಲ್ಲಿ ಕರಕರ ಸದ್ದು" ಎಂದು ಬರೆದಿಡುವ ಪುಸ್ತಕ ಅದು. ಅದರಲ್ಲಿ ಏನೂ ಬರೆದಿಲ್ಲ ಎಂದರೆ ಖುಷಿಪಡಬೇಡಿ. ದಿನಾ ಐದು ಗಂಟೆ ಹಾರುವ ಯಂತ್ರದಲ್ಲಿ ತಿಂಗಳಿಡೀ ಒಂದೂ ದೂರು ಇಲ್ಲ ಎಂದರೆ ಬರೆಯಲು ಹೆದರುತ್ತಿದ್ದಾರೆ ಎಂದರ್ಥ. ದೂರು ಇರಬೇಕು. ಅದರ ಎದುರಿಗೆ ಏನು ಮಾಡಿದೆವು ಎಂಬ ಬರಹ, ತಾರೀಕು, ಸಹಿ ಇರಬೇಕು. ದೂರಿಗೂ ಸಹಿಗೂ ನಡುವೆ ಎಷ್ಟು ದಿನ ಹೋಗಿದೆ ಎಂದು ನೋಡಿ.

ಎಂಜಿನಿಯರ್ ಸ್ಕೂಲಿನವರೇ ಆಗಿದ್ದರೆ ಒಳ್ಳೆಯದು. ಹೊರಗಿನಿಂದ ಬರಬೇಕು ಎಂದರೆ ಒಂದು ಸ್ಪಾರ್ಕ್ ಪ್ಲಗ್‌ಗೂ ಎರಡು ದಿನ ಕಾಯಬೇಕಾಗುತ್ತದೆ.

ತಮ್ಮನ ಅಕ್ಕ:

ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ತುಂಬಾ ಧನ್ಯವಾದ. ಮೆಡಿಕಲ್‌ಗೆ ಇವತ್ತೇ ಅರ್ಜಿ ಹಾಕಿಸಿದೆ.

ಗಂಟೆಯ ದರದ ಬಗ್ಗೆಯೂ ಹೇಳುತ್ತೀರಾ? ಚಿಕ್ಕ ಸ್ಕೂಲಿನ ದರ ದೊಡ್ಡ ಅಕಾಡೆಮಿಗಿಂತ ಜಾಸ್ತಿ ಇದೆ. ಅದು ಹೇಗೆ ಅಂತ ಅರ್ಥವಾಗಲಿಲ್ಲ. 200 ಗಂಟೆಗೆ ಗುಣಿಸಿದರೆ ದೊಡ್ಡ ವ್ಯತ್ಯಾಸ ಬರುತ್ತದೆ.

ಲೆಕ್ಕದ ಪುಸ್ತಕ:

ನಾನು ಹವ್ಯಾಸಕ್ಕೆ ಹಾರುವವನು, ವೃತ್ತಿಯಲ್ಲಿ ಲೆಕ್ಕಪತ್ರ. ಇದನ್ನು ನಾನು ಹೇಳುತ್ತೇನೆ.

ಐಸಿಎಒ ಪ್ರಕಾರ ಪ್ರೈವೇಟ್ ಲೈಸೆನ್ಸ್‌ಗೆ, ಅಂದರೆ ಸಂಬಳವಿಲ್ಲದೆ ಸ್ವಂತಕ್ಕೆ ಹಾರುವ ಮೊದಲ ಹಂತದ ಲೈಸೆನ್ಸ್‌ಗೆ, ಕನಿಷ್ಠ 40 ಗಂಟೆ, ಮಾನ್ಯತೆ ಪಡೆದ ಕೋರ್ಸ್ ಆದರೆ 35. ಕಮರ್ಷಿಯಲ್‌ಗೆ 200, ಮಾನ್ಯತೆ ಪಡೆದ ಒಂದೇ ಕೋರ್ಸಿನಲ್ಲಿ ಮಾಡಿದರೆ 150. ದೇಶದಿಂದ ದೇಶಕ್ಕೆ ಇದು ಬದಲಾಗುತ್ತದೆ. ಅಮೆರಿಕದಲ್ಲಿ ಪಾರ್ಟ್ 61 ಎಂಬ ದಾರಿಯಲ್ಲಿ 250, ಪಾರ್ಟ್ 141 ಎಂಬ ಕಟ್ಟುನಿಟ್ಟಿನ ದಾರಿಯಲ್ಲಿ 190. ಆದರೆ ಇವೆಲ್ಲ ಕನಿಷ್ಠ. 40 ಗಂಟೆಗೆ ಪ್ರೈವೇಟ್ ಲೈಸೆನ್ಸ್ ಮುಗಿಸುವವರು ಅಪರೂಪ. ಹಾಗಾಗಿ ದರ ಗುಣಿಸಬೇಕಾದದ್ದು ನಿಯಮದ ಗಂಟೆಯಿಂದ ಅಲ್ಲ, ಆ ಸ್ಕೂಲಿನ ವಿದ್ಯಾರ್ಥಿಗಳು ನಿಜಕ್ಕೂ ತೆಗೆದುಕೊಂಡ ಗಂಟೆಯಿಂದ.

ಒಂದು ಸ್ಕೂಲಿನಲ್ಲಿ ಗಂಟೆಗೆ 100 ಎಂದಿಟ್ಟುಕೊಳ್ಳಿ. ಅಲ್ಲಿ ನಡುನಡುವೆ ಹಾರಾಟ ನಿಂತು, ಪ್ರೈವೇಟ್ ಹಂತಕ್ಕೇ 75 ಗಂಟೆ ಆಗುತ್ತದೆ. ಒಟ್ಟು 7,500. ಇನ್ನೊಂದರಲ್ಲಿ ಗಂಟೆಗೆ 120. ವಾರಕ್ಕೆ ನಾಲ್ಕು ಸಲ ಹಾರಿಸಿ 55 ಗಂಟೆಗೆ ಮುಗಿಸುತ್ತಾರೆ. ಒಟ್ಟು 6,600. ದುಬಾರಿ ಎಂದು ಕಂಡಿದ್ದೇ ಅಗ್ಗವಾಯಿತು, ಅಲ್ವಾ?

ಆಮೇಲೆ ಆ ಗಂಟೆಯನ್ನು ಯಾವ ಗಡಿಯಾರದಲ್ಲಿ ಅಳೆಯುತ್ತಾರೆ ಎಂದು ಕೇಳಿ. ಹಾಬ್ಸ್ ಮೀಟರ್ ಎಂಜಿನ್ ಓಡುತ್ತಿರುವಷ್ಟು ಹೊತ್ತೂ ಒಂದೇ ವೇಗದಲ್ಲಿ ತಿರುಗುತ್ತದೆ. ಟ್ಯಾಕೋ ಮೀಟರ್ ಎಂಜಿನ್ ಸುತ್ತುವ ವೇಗಕ್ಕೆ ತಕ್ಕಂತೆ ತಿರುಗುತ್ತದೆ. ನೆಲದ ಮೇಲೆ ನಿಧಾನಕ್ಕೆ ಉರುಳುವಾಗ ಟ್ಯಾಕೋ ಕಮ್ಮಿ ತೋರಿಸುತ್ತದೆ. ದರ ಒಂದೇ ಇದ್ದರೂ ಬಿಲ್ ಬೇರೆಯಾಗುತ್ತದೆ. ಆ ದರದಲ್ಲಿ ಇಂಧನ ಸೇರಿದೆಯಾ, ಬೋಧಕರ ಶುಲ್ಕ ಸೇರಿದೆಯಾ? ಲ್ಯಾಂಡಿಂಗ್ ಶುಲ್ಕ, ಪರೀಕ್ಷೆಯ ದಿನ ವಿಮಾನದ ಬಾಡಿಗೆ, ಪರೀಕ್ಷಕರ ಶುಲ್ಕ, ಒಂದು ಸಲ ಫೇಲಾದರೆ ಮತ್ತೆ ಹಾರುವ ಖರ್ಚು? ಎರಡು ಎಂಜಿನ್ ವಿಮಾನದ ಗಂಟೆಗಳು ಮತ್ತು ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಕಾಣದಾಗ ಮೀಟರ್ ನೋಡಿ ಹಾರುವ ಅರ್ಹತೆ) ಪ್ಯಾಕೇಜಿನ ಒಳಗೋ ಹೊರಗೋ? ಬಾಯಿಮಾತಲ್ಲಿ ಬೇಡ, ಕಾಗದದ ಮೇಲೆ ಬರೆಸಿಕೊಳ್ಳಿ. ಲೈಸೆನ್ಸ್ ಬಂದ ಮೇಲೆ ಏರ್‌ಲೈನ್ ವಿಮಾನಕ್ಕೆ ಟೈಪ್ ರೇಟಿಂಗ್ ಎಂಬ ಬೇರೆ ತರಬೇತಿಯೂ ಇದೆ. ಅದರ ದುಡ್ಡು ಯಾರು ಕೊಡಬೇಕು ಎಂಬುದನ್ನು ಈಗಲೇ ಮನೆಯಲ್ಲಿ ಮಾತಾಡಿಕೊಳ್ಳಿ.

ಪೂರ್ತಿ ಫೀಸ್ ಒಟ್ಟಿಗೆ ಮಾತ್ರ ಕಟ್ಟಬೇಡಿ. ಬಾಗಿಲು ಮುಚ್ಚಿದ ಫ್ಲೈಯಿಂಗ್ ಸ್ಕೂಲ್‌ಗಳು ಎಲ್ಲ ಕಡೆಯೂ ಇವೆ. ಮುಚ್ಚಿದ ದಿನ ವಿದ್ಯಾರ್ಥಿ ಹಣ ಬರಬೇಕಾದವರ ಸಾಲಿನ ಕೊನೆಯಲ್ಲಿ ನಿಂತಿರುತ್ತಾನೆ. ಹತ್ತು ಗಂಟೆಗೋ ಹದಿನೈದು ಗಂಟೆಗೋ ಆಗುವಷ್ಟು ಕಟ್ಟಿ, ಹಾರಿ, ಮತ್ತೆ ಕಟ್ಟುವ ಹಾಗಿರಲಿ. ಮಧ್ಯದಲ್ಲಿ ಬಿಟ್ಟರೆ ಉಳಿದ ಹಣ ಎಷ್ಟು ದಿನದಲ್ಲಿ ವಾಪಸ್ ಎಂಬ ಸಾಲು ಒಪ್ಪಂದದಲ್ಲಿ ಇಲ್ಲದಿದ್ದರೆ ಸಹಿ ಹಾಕಬೇಡಿ.

ಬಲಸೀಟು:

ಒಳ್ಳೆಯ ಲೆಕ್ಕ. ಇದಕ್ಕೆ ಏರ್‌ಪೋರ್ಟಿನ ವಿಷಯ ಸೇರಿಸುತ್ತೇನೆ. ದೊಡ್ಡ ವಿಮಾನಗಳು ಬಂದು ಹೋಗುವ ಏರ್‌ಪೋರ್ಟಿನಲ್ಲಿ ಸ್ಕೂಲ್ ಇದ್ದರೆ ರನ್‌ವೇ ಸಿಗುವ ತನಕ ಹೋಲ್ಡಿಂಗ್ ಪಾಯಿಂಟ್‌ನಲ್ಲಿ ನಿಲ್ಲಬೇಕು. ಎಂಜಿನ್ ಓಡುತ್ತಿರುತ್ತದೆ, ಹಾಬ್ಸ್ ತಿರುಗುತ್ತಿರುತ್ತದೆ. ಸರ್ಕ್ಯೂಟ್ ಅಭ್ಯಾಸ, ಅಂದರೆ ಏರಿ ಒಂದು ಸುತ್ತು ಹಾಕಿ ಅದೇ ರನ್‌ವೇಗೆ ಇಳಿಯುವುದು, ಬಿಡುವಾದ ಏರ್‌ಫೀಲ್ಡ್‌ನಲ್ಲಿ ಗಂಟೆಗೆ ಎಂಟು ಆಗುತ್ತದೆ. ಗದ್ದಲದ ಕಡೆ ನಾಲ್ಕಾದರೆ ಪುಣ್ಯ. ಹಾಗಂತ ಗದ್ದಲ ಪೂರ್ತಿ ನಷ್ಟವೂ ಅಲ್ಲ. ಟವರ್ (ಏರ್‌ಪೋರ್ಟಿನ ಸಂಚಾರ ನಿಯಂತ್ರಣ) ಜೊತೆ ಮಾತಾಡಿ ಪಳಗಿದ ಹುಡುಗರಿಗೆ ರೇಡಿಯೋ ಭಯ ಇರುವುದಿಲ್ಲ. ನನ್ನ ಆಯ್ಕೆ ಎಂದರೆ ಬಿಡುವಾದ ಕಡೆ ಇಳಿಸುವುದು ಕಲಿತು, ಕ್ರಾಸ್ ಕಂಟ್ರಿ, ಅಂದರೆ ಬೇರೆ ಊರಿಗೆ ಹಾರುವ ಹಂತದಲ್ಲಿ ದೊಡ್ಡ ಏರ್‌ಪೋರ್ಟ್‌ಗಳಿಗೆ ಹೋಗಿಬರುವುದು.

ಹವಾಮಾನವನ್ನೂ ಕೇಳಿ. ಮಂಜು, ಮಳೆ, ಗಾಳಿ ಎಂದು ವರ್ಷದಲ್ಲಿ ಎಷ್ಟು ದಿನ ಹೋಗುತ್ತದೆ? ಸೋಲೋ, ಅಂದರೆ ಒಬ್ಬನೇ ಹಾರುವ ಹಂತದಲ್ಲಿ ಇದು ತುಂಬಾ ಕಾಡುತ್ತದೆ.

ಅಕಾಡೆಮಿಯ ಹುಡುಗಿ:

ಎಲ್ಲರೂ ಚಿಕ್ಕ ಸ್ಕೂಲಿನ ಕಡೆಗೇ ವಾಲುತ್ತಿದ್ದೀರಿ. ನಾನು ಒಪ್ಪುವುದಿಲ್ಲ. ನಾನು ಓದಿದ್ದು ದೊಡ್ಡ ಅಕಾಡೆಮಿಯಲ್ಲಿ, ಈಗ ಏರ್‌ಲೈನ್‌ನಲ್ಲಿ ಫಸ್ಟ್ ಆಫೀಸರ್, ಅಂದರೆ ಸಹಪೈಲಟ್. ಅಲ್ಲಿ ಪ್ರತಿ ಹಾರಾಟಕ್ಕೂ ಬರೆದಿಟ್ಟ ಪಾಠ ಇತ್ತು. ಮೂರು ಕಡೆ ಸ್ಟೇಜ್ ಚೆಕ್, ಅಂದರೆ ನಡುಹಂತದ ಪರೀಕ್ಷೆ ಇತ್ತು. ಅದನ್ನು ನಮ್ಮ ಬೋಧಕರಲ್ಲ, ಬೇರೆಯವರು ಮಾಡುತ್ತಿದ್ದರು. ನನ್ನ ತಪ್ಪಿಗೆ ಒಗ್ಗಿಹೋದ ಕಣ್ಣು ಅದನ್ನು ಕಾಣದೇ ಇರಬಹುದು, ಹೊಸ ಕಣ್ಣಿಗೆ ಥಟ್ಟನೆ ಕಾಣುತ್ತದೆ. ಚೆಕ್‌ಲಿಸ್ಟ್ ಓದುವ ಕ್ರಮ, ಯಾವ ಹೊತ್ತಿಗೆ ಯಾವ ಮಾತು ಹೇಳಬೇಕು ಎಂಬ ಶಿಸ್ತು, ಇವೆಲ್ಲ ಏರ್‌ಲೈನ್‌ಗೆ ಬಂದಾಗ ನನ್ನ ಕೈ ಹಿಡಿದವು. ನನ್ನ ಬ್ಯಾಚಿನಲ್ಲಿ ಬೇರೆ ಕಡೆಯಿಂದ ಬಂದವರು ಹಾರುವುದರಲ್ಲಿ ಚೆನ್ನಾಗಿದ್ದರೂ ಇದಕ್ಕೆ ಕಷ್ಟಪಟ್ಟರು.

ಗ್ರೌಂಡ್ ಕ್ಲಾಸ್ ಮಾತು ಯಾರೂ ಎತ್ತಿಲ್ಲ. ಹವಾಮಾನ, ನ್ಯಾವಿಗೇಷನ್, ವಾಯುನಿಯಮ, ಎಂಜಿನ್, ಇವುಗಳ ಪರೀಕ್ಷೆ ಪಾಸಾಗದೆ ಲೈಸೆನ್ಸ್ ಇಲ್ಲ. ಯೂರೋಪಿನ ವಿಮಾನಯಾನ ಸುರಕ್ಷತಾ ಸಂಸ್ಥೆ ಇಎಎಸ್‌ಎ ವ್ಯವಸ್ಥೆಯಲ್ಲಿ ಏರ್‌ಲೈನ್ ಪೈಲಟ್ ಆಗುವವರು 13 ವಿಷಯ ಬರೆಯಬೇಕು. ಮೊದಲ ಪ್ರಯತ್ನಕ್ಕೇ ಎಷ್ಟು ಮಂದಿ ಪಾಸಾದರು ಎಂದು ಕೇಳಿ. ಬರೀ ಪ್ರಶ್ನೆ ಉತ್ತರ ಬಾಯಿಪಾಠ ಮಾಡಿಸುವ ಕಡೆ ಸೇರಬೇಡಿ.

ಬಲಸೀಟು:

ನಿಮ್ಮ ಮಾತು ಸರಿ. ಶಿಸ್ತಿಲ್ಲದ ಚಿಕ್ಕ ಸ್ಕೂಲ್ ದೊಡ್ಡದಕ್ಕಿಂತ ಅಪಾಯ. ಹಾರಾಟ ಶುರುವಾಗುವ ಮುಂಚೆ ಬ್ರೀಫಿಂಗ್ ಮಾಡುತ್ತಾರಾ, ಇಳಿದ ಮೇಲೆ ಕೂರಿಸಿಕೊಂಡು ಮಾತಾಡುತ್ತಾರಾ ಎಂದು ಅಕ್ಕ ನೋಡಲೇಬೇಕು. ವಿಮಾನ ನಿಲ್ಲಿಸಿ, ಲಾಗ್‌ಬುಕ್‌ಗೆ ಸಹಿ ಹಾಕಿ, ಬೋಧಕ ಮುಂದಿನ ಹುಡುಗನ ಕಡೆಗೆ ಓಡಿದರೆ ಅರ್ಧ ಪಾಠ ಗಾಳಿಗೆ ಹೋದಂತೆ.

ಅಕ್ಕನ ತಮ್ಮನಿಗೆ ಒಬ್ಬರೇ ಬೋಧಕರು ಎಷ್ಟು ದಿನ ಸಿಗುತ್ತಾರೆ ಎಂಬುದೂ ಮುಖ್ಯ. ಹೊಸ ಬೋಧಕರಲ್ಲಿ ತುಂಬಾ ಜನ ಗಂಟೆ ಕೂಡಿಸಲು ಬಂದಿರುತ್ತಾರೆ. ಅದು ತಪ್ಪಲ್ಲ, ನಾನೂ ಹಾಗೇ ಶುರುಮಾಡಿದ್ದು. 2009ರ ಫೆಬ್ರವರಿಯಲ್ಲಿ ಅಮೆರಿಕದ ಬಫಲೋ ಬಳಿ ಕೋಲ್ಗನ್ ಏರ್ 3407 ವಿಮಾನ ಬಿದ್ದು 50 ಜನ ಸತ್ತರು. ಅದರ ನಂತರ ಅಮೆರಿಕದಲ್ಲಿ ಏರ್‌ಲೈನ್ ಫಸ್ಟ್ ಆಫೀಸರ್‌ಗೂ ಸಾಮಾನ್ಯವಾಗಿ 1,500 ಗಂಟೆ ಬೇಕು ಎಂಬ ನಿಯಮ ಬಂತು, 2013ರಲ್ಲಿ ಜಾರಿಯಾಯಿತು. ಅಲ್ಲಿ ಹೆಚ್ಚಿನವರು ಆ ಗಂಟೆ ಕೂಡಿಸುವುದು ಕಲಿಸುತ್ತಲೇ. ಏರ್‌ಲೈನ್‌ಗಳು ಜೋರಾಗಿ ಜನ ತೆಗೆದುಕೊಳ್ಳುವಾಗ ಬೋಧಕ ಎರಡೇ ತಿಂಗಳಲ್ಲಿ ಹೊರಟುಬಿಡುತ್ತಾನೆ. ನನ್ನ ಹತ್ತಿರ ಬಂದ ಒಬ್ಬ ಹುಡುಗಿಗೆ ನಾನು ಐದನೆಯ ಬೋಧಕ. ಅವಳು ಇಳಿಸುವಾಗ ಒಂದೇ ಸಲಕ್ಕೆ ನಾಲ್ಕು ಜನರ ಮಾತು ನೆನಪಿಸಿಕೊಂಡು ಒದ್ದಾಡುತ್ತಿದ್ದಳು.

ಮೋಡದಾಚೆ:

ಬೇರೆ ದೇಶದ ಸ್ಕೂಲ್ ಬಗ್ಗೆ ನಾನು ಹೇಳುತ್ತೇನೆ, ನಾನು ಹಾಗೆ ಹೋಗಿಬಂದವನು. ತಮ್ಮ ಯಾವ ದೇಶದಲ್ಲಿ ಕೆಲಸ ಮಾಡಬೇಕು ಎಂಬುದನ್ನು ಮೊದಲು ತೀರ್ಮಾನಿಸಿ. ಒಂದು ದೇಶದ ಲೈಸೆನ್ಸ್ ಇನ್ನೊಂದರಲ್ಲಿ ನೇರ ನಡೆಯುವುದಿಲ್ಲ, ಕನ್ವರ್ಷನ್ ಆಗಬೇಕು. ಅದಕ್ಕೆ ಆ ದೇಶದ ಪರೀಕ್ಷೆ, ಮೆಡಿಕಲ್, ಕೆಲವೊಮ್ಮೆ ಮತ್ತೆ ಹಾರಾಟದ ಪರೀಕ್ಷೆ ಕೇಳುತ್ತಾರೆ. "ಎಂಟು ತಿಂಗಳು" ಎನ್ನುವ ಲೆಕ್ಕದಲ್ಲಿ ಅದು ಬರುವುದಿಲ್ಲ. ನನಗೆ ಹಾರಿ ಮುಗಿಸಲು ಹತ್ತು ತಿಂಗಳು ಹಿಡಿಯಿತು. ವಾಪಸ್ ಬಂದು ಕಾಗದಪತ್ರ ಮುಗಿಸಲು ಇನ್ನೊಂಬತ್ತು ತಿಂಗಳು.

ಅಲ್ಲಿಂದ ತರುವ ಲಾಗ್‌ಬುಕ್‌ನ ಪ್ರತಿ ಪುಟಕ್ಕೂ ಸ್ಕೂಲಿನ ಸಹಿ, ಮುದ್ರೆ ಹಾಕಿಸಿಕೊಳ್ಳಿ. ಸೋಲೋ ಗಂಟೆ, ರಾತ್ರಿಯ ಗಂಟೆ, ಸಿಮ್ಯುಲೇಟರ್ ಗಂಟೆ ಬೇರೆಬೇರೆ ಕಾಲಂನಲ್ಲಿರಬೇಕು. ಐಸಿಎಒ ಪ್ರಕಾರ ಕಮರ್ಷಿಯಲ್‌ಗೆ 300 ನಾಟಿಕಲ್ ಮೈಲಿ, ಅಂದರೆ ಸುಮಾರು 540 ಕಿಲೋಮೀಟರ್‌ನ ಒಂದು ಕ್ರಾಸ್ ಕಂಟ್ರಿ ಬೇಕು. ಅದರಲ್ಲಿ ಎರಡು ಬೇರೆ ಏರೋಡ್ರೋಮ್‌ಗಳಲ್ಲಿ ಪೂರ್ತಿ ಇಳಿದು ನಿಲ್ಲಬೇಕು. ನನ್ನ ಗೆಳೆಯ ಅಂಥದೊಂದು ಹಾರಾಟದ ದಾಖಲೆ ಸರಿಯಾಗಿಲ್ಲದೆ ಮತ್ತೆ ಹಾರಬೇಕಾಯಿತು.

ಇಂಗ್ಲಿಷ್ ಪರೀಕ್ಷೆಯೂ ಇದೆ. ಒಂದರಿಂದ ಆರರ ಮಾಪಕದಲ್ಲಿ ಲೆವೆಲ್ 4 ಬಂದರೆ ಸಾಕು. ಆದರೆ ಅದನ್ನು ಮೂರು ವರ್ಷಕ್ಕೊಮ್ಮೆ ಮತ್ತೆ ಬರೆಯಬೇಕು. 5 ಬಂದರೆ ಆರು ವರ್ಷ, 6 ಬಂದರೆ ಮತ್ತೆ ಬರೆಯಬೇಕಿಲ್ಲ. ತಮ್ಮ ಈಗಿನಿಂದಲೇ ಟವರ್ ಸಂಭಾಷಣೆಗಳನ್ನು ಕೇಳಲು ಶುರುಮಾಡಲಿ, ತುಂಬಾ ಸಹಾಯವಾಗುತ್ತದೆ.

ಅಡ್ಡಗಾಳಿ:

ನಾನು ಇನ್ನೂ ಕಲಿಯುತ್ತಿರುವವಳು, 92 ಗಂಟೆ ಆಗಿದೆ. ಒಂದು ಘಟನೆ ಹೇಳಬೇಕು.

ನನ್ನ ಎರಡನೆಯ ಸೋಲೋ ದಿನ. ವಿಮಾನದ ಸುತ್ತ ತಪಾಸಣೆ ಮುಗಿಸಿದ್ದೆ. ರೆಕ್ಕೆಯ ಕೆಳಗಿನ ಡ್ರೇನ್‌ನಿಂದ ಇಂಧನ ತೆಗೆದು ಬೆಳಕಿಗೆ ಹಿಡಿದು ನೋಡಿದ್ದೆ. 100 ಎಲ್‌ಎಲ್ ಎಂಬ ವಿಮಾನದ ಪೆಟ್ರೋಲ್ ತಿಳಿನೀಲಿ ಇರುತ್ತದೆ, ನೀರು ಸೇರಿದ್ದರೆ ಗುಳ್ಳೆಯ ಹಾಗೆ ಕೆಳಗೆ ಕೂತಿರುತ್ತದೆ. ಎಲ್ಲ ಸರಿ ಇತ್ತು. ಅಷ್ಟರಲ್ಲಿ ಗಾಳಿಚೀಲ ನೆಟ್ಟಗೆ ನಿಂತು ರನ್‌ವೇಗೆ ಅಡ್ಡ ತಿರುಗಿತು. ಟವರ್ ಹೇಳಿದ ಗಾಳಿಯಲ್ಲಿ ಅಡ್ಡಗಾಳಿ 9 ನಾಟ್ ಆಗುತ್ತಿತ್ತು. ನಮ್ಮ ಸೆಸ್ನಾ 172ಕ್ಕೆ ತಯಾರಕರು ಪರೀಕ್ಷೆಯಲ್ಲಿ ತೋರಿಸಿಕೊಟ್ಟ ಅಡ್ಡಗಾಳಿ 15 ನಾಟ್, ಅಂದರೆ ವಿಮಾನಕ್ಕೆ ಏನೂ ತೊಂದರೆ ಇಲ್ಲ. ಆದರೆ ನನ್ನ ಸೋಲೋ ಮಿತಿ 7. ಹಿಂದೆ ಎರಡು ಹುಡುಗರು ಕಾಯುತ್ತಿದ್ದರು. ಹತ್ತು ದಿನ ಕಾದು ಸಿಕ್ಕ ಸಾರ್ಟಿ, ಅಂದರೆ ಹಾರಾಟದ ಸರದಿ ಅದು. ಕಣ್ಣಲ್ಲಿ ನೀರೇ ಬಂತು. ಕೀ ತೆಗೆದು ಕೆಳಗಿಳಿದೆ.

ಬೋಧಕರು ದೂರದಿಂದ ನೋಡುತ್ತಿದ್ದರು. ಬೈಯುತ್ತಾರೆ ಅಂದುಕೊಂಡೆ. ಹತ್ತಿರ ಬಂದು ಹೆಗಲು ತಟ್ಟಿದರು. "ಇವತ್ತು ನೀನು ಪೈಲಟ್ ಆದೆ" ಎಂದರು. ಆ ಸಾರ್ಟಿಗೆ ಬಿಲ್ ಹಾಕಲಿಲ್ಲ. ಮಾರನೆಯ ದಿನ ಮೊದಲ ಸ್ಲಾಟ್ ನನಗೇ ಕೊಟ್ಟರು.

ನನ್ನ ಗೆಳತಿ ಬೇರೆ ಸ್ಕೂಲಿನಲ್ಲಿ ಇದೇ ಥರ ರದ್ದು ಮಾಡಿದಾಗ ಎಲ್ಲರ ಮುಂದೆ ಕೂಗಾಡಿದರಂತೆ, ಹಣವನ್ನೂ ಕಡಿದರಂತೆ. ಮುಂದಿನ ಸಲ ಅವಳು ರದ್ದು ಮಾಡುತ್ತಾಳಾ? ಅಕ್ಕ, ಅಲ್ಲಿನ ವಿದ್ಯಾರ್ಥಿಗಳನ್ನು ಆಫೀಸಿನವರು ಇಲ್ಲದ ಕಡೆ ಕರೆದು "ನೀವೇ ಬೇಡ ಎಂದು ಹಾರಾಟ ಬಿಟ್ಟರೆ ಇಲ್ಲಿ ಏನಾಗುತ್ತದೆ?" ಎಂದು ಕೇಳಿ.

ಬಲಸೀಟು:

ಆ ಬೋಧಕರಿಗೆ ನನ್ನ ನಮಸ್ಕಾರ ತಿಳಿಸಿ.

ಇದರ ಜೊತೆಗೆ ಸ್ಟಾಲ್ ಎಷ್ಟು ಕಲಿಸುತ್ತಾರೆ ಎಂದೂ ಕೇಳಬೇಕು. ರೆಕ್ಕೆ ಗಾಳಿಗೆ ಎದುರಾಗುವ ಕೋನ ಮಿತಿ ಮೀರಿದರೆ ಎತ್ತುವ ಶಕ್ತಿ ಕುಸಿಯುತ್ತದೆ, ಅದೇ ಸ್ಟಾಲ್. ಆಗ ಮೂತಿ ಕೆಳಗೆ ಮಾಡಬೇಕು. ಹೆದರಿದ ಕೈ ಮಾತ್ರ ಹಿಂದಕ್ಕೇ ಎಳೆಯುತ್ತದೆ. ನಾನು ಮೇಲೆ ಹೇಳಿದ ಕೋಲ್ಗನ್ ವಿಮಾನದಲ್ಲಿ ಕ್ಯಾಪ್ಟನ್ ಎಳೆದರು. ಅದೇ 2009ರ ಜೂನ್ 1ರಂದು ಏರ್ ಫ್ರಾನ್ಸ್ 447ರಲ್ಲಿ ವೇಗ ಅಳೆಯುವ ಪಿಟೋ ನಳಿಕೆಗಳಿಗೆ ಮಂಜುಗಡ್ಡೆ ಕಟ್ಟಿ, ಆಟೋಪೈಲಟ್ ಕಳಚಿತು. ವಿಮಾನ ಸ್ಟಾಲ್ ಆಯಿತು. ಮೂತಿ ಎತ್ತಿಕೊಂಡೇ ಸಮುದ್ರಕ್ಕೆ ಬಿತ್ತು. 228 ಜನ ಹೋದರು. ಎರಡೂ ಲೈಸೆನ್ಸ್ ಇದ್ದ ಏರ್‌ಲೈನ್ ಪೈಲಟ್‌ಗಳ ಕೈಯಲ್ಲಿದ್ದ ವಿಮಾನಗಳು. ಇದನ್ನು ಹೆದರಿಸಲು ಹೇಳುತ್ತಿಲ್ಲ. ಸಿಲಬಸ್‌ನಲ್ಲಿ ಸ್ಟಾಲ್‌ಗೆ ಒಂದೇ ಗಂಟೆ ಇಟ್ಟು ಮುಗಿಸುವ ಸ್ಕೂಲ್‌ಗಿಂತ, ತಿರುವಿನಲ್ಲಿ, ಇಳಿಯುವ ರೂಪದಲ್ಲಿ, ಏರುವಾಗ ಎಂದು ಮತ್ತೆ ಮತ್ತೆ ಮಾಡಿಸಿ ಕೈಗೆ ಮೂತಿ ಇಳಿಸುವ ಅಭ್ಯಾಸ ಹತ್ತಿಸುವ ಸ್ಕೂಲ್ ನಿಮ್ಮ ತಮ್ಮನನ್ನು ಮುಂದೆ ಕಾಯುತ್ತದೆ.

ತಮ್ಮನ ಅಕ್ಕ:

ಹತ್ತು ದಿನ ಆಯಿತು. ಇಲ್ಲಿನ ಎರಡೂ ಸ್ಕೂಲಿಗೆ ಹೋಗಿ ಬಂದೆವು. ನೀವು ಹೇಳಿದ್ದೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಂಡು ಹೋಗಿದ್ದೆ.

ದೊಡ್ಡ ಅಕಾಡೆಮಿಯಲ್ಲಿ 14ರಲ್ಲಿ ಆರು ಹಾರುತ್ತಿದ್ದವು, ಎರಡು ತಪಾಸಣೆಯಲ್ಲಿದ್ದವು. ಉಳಿದ ಆರರ ಗಾಜಿನ ಮೇಲೆ ಧೂಳಿತ್ತು. ಹ್ಯಾಂಗರ್ ಕೆಲಸದ ಅಕ್ಕ ಹೇಳಿದ ಹಾಗೇ. ವಿದ್ಯಾರ್ಥಿಗಳು 90 ಮಂದಿ. ಕಳೆದ ತಿಂಗಳು ಒಬ್ಬೊಬ್ಬರು ಎಷ್ಟು ಹಾರಿದರು ಎಂದು ಕೇಳಿದ್ದಕ್ಕೆ ಕೌಂಟರಿನವರು ಸಿಮ್ಯುಲೇಟರ್ ತೋರಿಸುತ್ತೇವೆ ಬನ್ನಿ ಎಂದರು. ಗ್ರೌಂಡ್ ಕ್ಲಾಸ್ ಮಾತ್ರ ನಿಜಕ್ಕೂ ಚೆನ್ನಾಗಿತ್ತು. ಅರ್ಧ ಗಂಟೆ ಹಿಂದಿನ ಬೆಂಚಿನಲ್ಲಿ ಕೂತಿದ್ದೆ, ಮೋಡಗಳ ಪಾಠ ನನಗೂ ಅರ್ಥವಾಯಿತು. ಹೊರಗೆ ಇಬ್ಬರು ಹುಡುಗರು ಸಿಕ್ಕರು. ಒಬ್ಬ ಆ ತಿಂಗಳು ನಾಲ್ಕು ಗಂಟೆ ಹಾರಿದ್ದನಂತೆ.

ಚಿಕ್ಕ ಸ್ಕೂಲಿನಲ್ಲಿ ನಾಲ್ಕರಲ್ಲಿ ಮೂರು ಮೇಲಿದ್ದವು. ವಿದ್ಯಾರ್ಥಿಗಳು 17. ಗೋಡೆಯ ಬಿಳಿ ಬೋರ್ಡಿನಲ್ಲಿ ಪ್ರತಿ ಹೆಸರಿನ ಎದುರು ಆ ವಾರದ ಗಂಟೆ ಬರೆದಿತ್ತು. ಹೆಚ್ಚಿನವರದ್ದು ನಾಲ್ಕರಿಂದ ಐದು. ಸ್ನ್ಯಾಗ್ ಪುಸ್ತಕ ಕೇಳಿದೆ. ಮುಖ್ಯ ಬೋಧಕರು ಒಂದು ಕ್ಷಣ ನನ್ನನ್ನೇ ನೋಡಿ ತಂದುಕೊಟ್ಟರು. ಹಾಳೆಗಳ ಅಂಚಿಗೆ ಎಣ್ಣೆ ಬೆರಳಿನ ಗುರುತು. "ಬಲಸೀಟಿನ ಬೆಲ್ಟ್ ಸಿಕ್ಕಿಕೊಳ್ಳುತ್ತದೆ" ಎಂದು ಒಂದು ಕಡೆ ಇತ್ತು. ಮಾರನೆಯ ದಿನದ ತಾರೀಕಿಗೆ "ಬದಲಿಸಿದೆ" ಎಂದು ಸಹಿ ಇತ್ತು. ಅವರಲ್ಲಿ ಎರಡು ಎಂಜಿನ್ ವಿಮಾನ ಇಲ್ಲ. ಆ ಗಂಟೆಗಳಿಗೆ ಬೇರೆ ಕಡೆ ಕಳಿಸುತ್ತಾರೆ. ಅದರ ದರವನ್ನೂ ಬರೆದುಕೊಟ್ಟರು. ಹಣ ಹತ್ತತ್ತು ಗಂಟೆಗೆ ಕಟ್ಟಿದರೆ ಸಾಕು.

ತಮ್ಮನನ್ನು ಅರ್ಧ ಗಂಟೆ ಟ್ರಯಲ್ ಹಾರಾಟಕ್ಕೆ ಕರೆದುಕೊಂಡು ಹೋದರು. ಬೋಧಕರು ಇಳಿದ ಮೇಲೆ ಇಪ್ಪತ್ತು ನಿಮಿಷ ಅವನ ಜೊತೆ ಕೂತು ಚಿತ್ರ ಬರೆದು ಮಾತಾಡಿದರು. ಅವನು ದಾರಿಯುದ್ದಕ್ಕೂ ಒಂದೂ ಮಾತಾಡಲಿಲ್ಲ. ಆ ಚಿತ್ರದ ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡಿದ್ದ.

ಚಿಕ್ಕ ಸ್ಕೂಲ್ ಎಂದು ಮನೆಯಲ್ಲಿ ತೀರ್ಮಾನ ಆಗಿದೆ. ಗ್ರೌಂಡ್ ಕ್ಲಾಸ್ ಅಲ್ಲಿ ಸ್ವಲ್ಪ ಸಪ್ಪೆ ಅನ್ನಿಸಿತು. ಅದಕ್ಕೆ ಏನು ಮಾಡಬಹುದು?

ಅಕಾಡೆಮಿಯ ಹುಡುಗಿ:

ಅಕ್ಕ, ಅದಕ್ಕೆ ಚಿಂತೆ ಬೇಡ. ಗ್ರೌಂಡ್ ಪರೀಕ್ಷೆಗಳಿಗೆ ಬೇರೆ ಕಡೆ ಕೋಚಿಂಗ್ ತೆಗೆದುಕೊಳ್ಳಬಹುದಾ ಎಂದು ಆ ಸ್ಕೂಲಿನವರನ್ನೇ ಕೇಳಿ. ಒಪ್ಪಿದರೆ ಹಾರಾಟ ಶುರುವಾಗುವ ಮುಂಚೆಯೇ ಹವಾಮಾನ ಮತ್ತು ನ್ಯಾವಿಗೇಷನ್ ಮುಗಿಸಿಕೊಳ್ಳಲಿ. ಪರೀಕ್ಷೆಯ ಭಾರ ತಲೆಯ ಮೇಲಿಲ್ಲದೆ ಹಾರಿದರೆ ಕಲಿಕೆಯೇ ಬೇರೆ. ನೀವು 90 ವಿದ್ಯಾರ್ಥಿಗೆ ಆರು ವಿಮಾನ ಎಂದಿರಲ್ಲ, ಅದನ್ನು ಕೇಳಿದ ಮೇಲೆ ನಾನೂ ನಿಮ್ಮ ಜಾಗದಲ್ಲಿದ್ದರೆ ಚಿಕ್ಕದನ್ನೇ ಆರಿಸುತ್ತಿದ್ದೆ.

ಹ್ಯಾಂಗರ್ ಕೆಲಸ:

ಬೆಲ್ಟಿನಂಥ ಚಿಕ್ಕ ದೂರಿಗೂ ಒಂದೇ ದಿನದಲ್ಲಿ ಸಹಿ ಬಿದ್ದಿದೆ ಎಂದರೆ ಅಲ್ಲಿ ಯಾರೋ ಮನಸ್ಸಿಟ್ಟು ಕೆಲಸ ಮಾಡುತ್ತಿದ್ದಾರೆ. ತಮ್ಮನಿಗೆ ಹೇಳಿ, ಬಿಡುವಿದ್ದಾಗ ಆ ಎಂಜಿನಿಯರ್ ಪಕ್ಕ ಹೋಗಿ ನಿಂತು ನೋಡಲಿ. ಕೌಲಿಂಗ್ ಬಿಚ್ಚಿದ ಎಂಜಿನ್ ಒಂದು ಸಲ ಕಣ್ಣಾರೆ ಕಂಡವನು ಮುಂದೆ ಆಯಿಲ್ ಒತ್ತಡದ ಮುಳ್ಳನ್ನು ಬೇರೆ ಥರ ನೋಡುತ್ತಾನೆ.

ತಮ್ಮನ ಅಕ್ಕ:

ಹೇಳಿದೆ. ನಾಳೆಯೇ ಹೋಗಲಾ ಎನ್ನುತ್ತಿದ್ದಾನೆ. ಮೆಡಿಕಲ್ ಗುರುವಾರ ಇದೆ. ಅವನಿಗೆ ಸಣ್ಣ ನಂಬರಿನ ಕನ್ನಡಕ ಇದೆ. ಹಣ ಇನ್ನೂ ಕಟ್ಟಿಲ್ಲ.

ಬಲಸೀಟು:

ಸರಿಯಾಗಿ ಮಾಡಿದ್ದೀರಿ. ಕನ್ನಡಕವನ್ನೂ ಕಣ್ಣಿನ ಡಾಕ್ಟರ ಹಳೆಯ ಚೀಟಿಯನ್ನೂ ತೆಗೆದುಕೊಂಡು ಹೋಗಲಿ. ಬುಧವಾರ ರಾತ್ರಿ ಬೇಗ ಮಲಗಲಿ. ರಿಪೋರ್ಟ್ ಕೈಗೆ ಬಂದ ಮೇಲೆ ಇಲ್ಲಿ ಒಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.